ಚೀಟಿಯ ಮೇಲೊಂದು ಕಲ್ಲು

ನಮ್ಮ ಮಾಳಿಗೆಯ ಮೇಲೆ ಹನ್ನೆರಡು ಕಲ್ಲುಗಳಿವೆ. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡವು, ಕೃಷ್ಣಾ ದಂಡೆಯಿಂದ ಆರಿಸಿ ತಂದ ನುಣುಪಾದವು. ಹೋದ ವಾರ ಶ್ಯಾವಿಗೆ ಒಣಹಾಕಲು ಹತ್ತಿದಾಗ ನಮ್ಮ ಮನೆಯವರು ಒಂದಕ್ಕೆ ಎಡವಿ, "ಇವನ್ನ ಇನ್ನೂ ಯಾಕ ಇಟಗೊಂಡ ಕುಂತಿ? ಅಕ್ಕೋರು ಹೋಗಿ ನಾಲ್ಕು ತಿಂಗಳಾತು" ಎಂದರು. ನಾನು ಒಂದನ್ನೆತ್ತಿ ಹಾಸಿದ ಸೀರೆಯ ಅಂಚಿನ ಮೇಲಿಟ್ಟೆ. ಗಾಳಿ ಇರಲಿಲ್ಲ. ಆದರೂ ಇಟ್ಟೆ.

ಅಕ್ಕೋರು ನಮ್ಮ ಚಿಕ್ಕೋಡಿಯ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಾಗ ಅವರ ಹತ್ತಿರ ಇದ್ದದ್ದು ಒಂದು ಟ್ರಂಕು, ಒಂದು ಮಡಚುವ ಮೇಜು, ಮತ್ತು ಜೋರ್ಡಾನಿನ ಒಂದು ನಕ್ಷೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ತೌರು ರಾಯಬಾಗದ ಕಡೆ. ಮೊದಲನೆಯ ದಿನವೇ ನಾನು ಚಹಾ ಒಯ್ದುಕೊಟ್ಟರೆ ಒಂದೇ ಗುಟುಕಿಗೆ ಕುಡಿದು, ಕಪ್ಪನ್ನು ತಲೆಕೆಳಗೆ ಮಾಡಿ ಅದರ ತಳ ನೋಡಿದರು. ನನಗೆ ಇರುಸುಮುರುಸಾಯಿತು. ಸರಿಯಾಗಿ ತೊಳೆದಿಲ್ಲ ಅಂದುಕೊಂಡರೇನೋ!

"ಏನ ನೋಡಾಕತ್ತೀರಿ, ಅಕ್ಕೋರ?"

"ಏನಿಲ್ಲ ವೈನಿ, ಚಟ. ಬಾಯಿ ನೋಡಿದರ ತಳ ನೋಡಬೇಕು, ತಳ ನೋಡಿದರ ಬಾಯಿ."

ಆ ಚಟ ಅವರಿಗೆ ಸಾಯುವ ತನಕ ಹೋಗಲಿಲ್ಲ. ನಿಪ್ಪಾಣಿಯಲ್ಲಿ ನಮ್ಮ ನಾದಿನಿಯ ಮಗುವಿನ ತೊಟ್ಟಿಲ ಕಾರ್ಯದಲ್ಲಿ ಊಟ ಬಡಿಸುವವನ ಕೈಯಿಂದ ಸ್ಟೀಲ್ ವಾಟಿ ಇಸಿದುಕೊಂಡು ತಿರುವಿ ನೋಡುತ್ತ ನಿಂತರು. ಅವನು ಸಾರಿನ ಬಕೆಟ್ ಹಿಡಿದುಕೊಂಡು, "ಮೌಶಿ, ವಾಟಿ ಮನೀಗೆ ಒಯ್ಯೂದಿದ್ದರ ಒಯ್ರಿ, ಮೊದಲ ಸಾರರ ಹಾಕಿಸಿಕೊಳ್ರಿ" ಅಂದ. ಪಂಕ್ತಿಯೆಲ್ಲ ನಕ್ಕಿತು. ಅಕ್ಕೋರೂ ನಕ್ಕರು, ಆದರೆ ವಾಟಿಯ ಅಂಚಿನ ಮೇಲೆ ಓಡುತ್ತಿದ್ದ ಹೆಬ್ಬೆರಳನ್ನು ನಿಲ್ಲಿಸಲಿಲ್ಲ.

ಕೂತುಕೊಳ್ಳುವುದು ಅವರಿಗೆ ಬರುತ್ತಲೇ ಇರಲಿಲ್ಲ. ಚಹಾ ಕುಡಿಯುವುದು ಮೆಟ್ಟಿಲ ಮೇಲೆ ನಿಂತು, ಪೇಪರ್ ಓದುವುದು ಬಾಗಿಲಿಗೆ ಒರಗಿ. ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗ ತಲೆಯ ಮೇಲೆ ಅವರ ಹೆಜ್ಜೆ ಕೇಳುತ್ತಿತ್ತು. ಎಂಟು ಹೆಜ್ಜೆ ಆಚೆ, ಎಂಟು ಈಚೆ. ರೊಟ್ಟಿಯ ಸಪ್ಪಳ, ಹೆಜ್ಜೆಯ ಸಪ್ಪಳ, ಎರಡೂ ಒಂದಕ್ಕೊಂದು ಜೋಡಿಯಾಗಿ ಹೋಗಿದ್ದವು. ಮಾರ್ಚ್ ಮುಗಿದು ಪರೀಕ್ಷೆಯ ಪೇಪರ್ ತಿದ್ದುವ ಹೊತ್ತಿಗೆ ಆ ಎಂಟು ಹೆಜ್ಜೆ ಇನ್ನೂ ಬಿರುಸಾಗುತ್ತಿದ್ದವು. ಯಾಕೆಂದರೆ ಸೂಟಿ ಬಿದ್ದ ಮರುದಿನವೇ ಅವರು ಜೋರ್ಡಾನಿಗೆ ಹೋಗಬೇಕು.

ಚಿಕ್ಕೋಡಿಯ ಡ್ರಾಯಿಂಗ್ ಅಕ್ಕೋರಿಗೂ ಜೋರ್ಡಾನಿಗೂ ಏನು ಸಂಬಂಧ ಎಂದು ನನ್ನನ್ನು ಕೇಳದವರಿಲ್ಲ. ಹಿಂದೊಮ್ಮೆ ಹೊಳೆಯ ದಂಡೆಯಲ್ಲಿ ಯಾರೋ ಹಳೆಯ ಊರು ಅಗೆಯುತ್ತಿದ್ದಾಗ ಮಡಕೆಚೂರುಗಳ ಚಿತ್ರ ಬರೆಯುವವರು ಬೇಕಾಗಿದ್ದರು. ಅಕ್ಕೋರು ದೀಪಾವಳಿ ಸೂಟಿಯೆಲ್ಲ ಅಲ್ಲೇ ಇದ್ದು ಬರೆದುಕೊಟ್ಟರು. ಅದನ್ನು ನೋಡಲು ಬಂದ ಒಬ್ಬ ಪರದೇಶದ ದೊಡ್ಡ ಸಾಹೇಬ ಅವರ ಗೆರೆ ನೋಡಿ, ನಮ್ಮಲ್ಲಿಗೂ ಬನ್ನಿ ಎಂದ. ಅಷ್ಟೇ. ಅಂದಿನಿಂದ ಪ್ರತಿ ಬೇಸಿಗೆಗೆ ಅವನು ಟಿಕೆಟ್ಟು ಕಳಿಸುತ್ತಿದ್ದ, ಇವರು ಹೋಗುತ್ತಿದ್ದರು.

ಒಂದು ಬೋಕಿಯ, ಅಂದರೆ ಮಡಕೆಚೂರಿನ, ಅಂಚನ್ನು ವರ್ತುಲಗಳು ತುಂಬಿದ ಹಾಳೆಯ ಮೇಲಿಟ್ಟು, ಇದು ಎಷ್ಟು ಅಗಲದ ಬಟ್ಟಲಿನದು ಎಂದು ಹೇಳಿಬಿಡುತ್ತಿದ್ದರು. ಆಮೇಲೆ ಅದರ ಅರ್ಧ ಒಳಮೈ, ಅರ್ಧ ಹೊರಮೈ, ನಡುವೆ ಒಂದು ಗೆರೆ. ಬಟ್ಟಲು ಹಾಳೆಯ ಮೇಲೆ ಎದ್ದು ಕೂಡುತ್ತಿತ್ತು. ಶಾಲೆಯ ಮಕ್ಕಳಿಗೂ ಒಡೆದ ಗಡಿಗೆಯನ್ನೇ ಬರೆಸುತ್ತಿದ್ದರಂತೆ. ಹೆಡ್ ಮಾಸ್ತರರು, "ಅಕ್ಕೋರ, ಮಾವಿನಕಾಯಿ ಬರಸ್ರಿ, ಪರೀಕ್ಷೆಯಾಗ ಬೋಕಿ ಕೇಳಾಂಗಿಲ್ಲ" ಎಂದು ಬೇಡಿಕೊಂಡರಂತೆ.

ಅಲ್ಲಿಯ ಮಂದಿಯ ಹೆಸರು ನಬತೀಯರು. ಎರಡು ಸಾವಿರ ವರ್ಷದ ಹಿಂದಿನವರು. ಆ ಹೆಸರು ನನ್ನ ನಾಲಿಗೆಗೆ ಹೊರಳಬೇಕಾದರೆ ಒಂದು ವರ್ಷ ಹಿಡಿಯಿತು.

"ಒಂಟಿ ಮ್ಯಾಲೆ ಧೂಪ ಹೇರಿಕೊಂಡು ಊರೂರು ತಿರುಗೂ ಮಂದಿ, ವೈನಿ. ಮಳಿ ಇಲ್ಲದ ಸೀಮಿ. ಅಂಥಾದರಾಗ ಕಲ್ಲಬಂಡಿ ಕಡದು ಕಾಲಿವಿ ಮಾಡಿ ಹನಿ ಹನಿ ನೀರು ಕೂಡಿಡತಿದ್ರು. ನಮಗ ನೋಡ್ರಿ, ಹೊಳಿ ಬಾಜೂಕ ಐತಿ, ನಳ ನಾಲ್ಕು ದಿನಕ್ಕೊಮ್ಮೆ."

"ಅವರ ದೇವರು ಹ್ಯಾಂಗಿದ್ದವ್ರಿ?"

"ಚೌಕ ಕಲ್ಲು. ಮುಖ ಇಲ್ಲ. ಬಾಳ ಅಂದರ ಎರಡು ಕಣ್ಣು, ಒಂದು ಮೂಗು."

"ನಮ್ಮ ಹೊಲದಾಗಿನ ದೇವರಂಗ."

"ಹೌದಲ್ಲ? ಅದಕ್ಕ ನನಗ ಅಲ್ಲಿ ಪರಕ್ಯಾ ಅನಸಲೇ ಇಲ್ಲ."

ಅವರು ಅಗೆಯುತ್ತಿದ್ದದ್ದು ಒಂದು ಗುಡ್ಡದ ಮೇಲಿನ ಗುಡಿ. ನಡುವೆ ಫರ್ಶಿಕಲ್ಲು ಹಾಸಿದ ಅಂಗಳ, ಸುತ್ತ ಕೋಣೆಗಳು, ಕೋಣೆಯೊಳಗೆ ಮೂರು ಕಡೆ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಒರಗಿಕೊಂಡು ಭಕ್ತರು ದೇವರ ಎದುರಿಗೇ ಉಣ್ಣುತ್ತಿದ್ದರಂತೆ. ಅವರ ಬಟ್ಟಲು ನಮ್ಮ ಉದ್ದಿನ ಹಪ್ಪಳಕ್ಕಿಂತ ತುಸುವೇ ದಪ್ಪ, ನಸುಗೆಂಪು ಬಣ್ಣ, ಒಳಗೆ ಎಲೆಬಳ್ಳಿಯ ಚಿತ್ತಾರ. ಮುಂದೆ ರೋಮಿನವರು ಬಂದು ಆ ರಾಜ್ಯವನ್ನು ತಮ್ಮದು ಮಾಡಿಕೊಂಡ ಕಾಲಕ್ಕೆ ಬಟ್ಟಲು ದಪ್ಪಗಾಯಿತು, ಚಿತ್ತಾರ ಕಪ್ಪಾಯಿತು. ಇದನ್ನೆಲ್ಲ ನಾನು ಮೆಟ್ಟಿಲ ಮೇಲೆ ನಿಂತು ಕಲಿತದ್ದು.

ಅಲ್ಲಿಯವರಲ್ಲಿ ಅಕ್ಕೋರ ಬಾಯಲ್ಲಿ ಹೆಚ್ಚು ಬರುತ್ತಿದ್ದದ್ದು ಸಾಹೇಬನಲ್ಲ, ಮುಕಾದಮ. ಅಗೆಯುವ ಆಳುಗಳ ಮೇಲಿನವನು, ಗುಡ್ಡದ ಕೆಳಗಿನ ಊರವನೇ. ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗಿಗೆ ಇರುತ್ತಾನಲ್ಲ, ಹಾಗೆ. ಅಲ್ಲಿಯೂ ಅದೇ ಹೆಸರು ನಡೆಯುತ್ತದಂತೆ. "ಮಣ್ಣು ಮುಟ್ಟಿದರ ಇದು ಯಾವ ಪದರಾ, ಎಲ್ಲೀದು ಅಂತ ಹೇಳ್ತಾನ. ಬರಿಯಾಕ ಬರಾಂಗಿಲ್ಲ, ಖರೆ ಮರಿಯಾಕೂ ಬರಾಂಗಿಲ್ಲ" ಎನ್ನುತ್ತಿದ್ದರು. ಒಂದು ಸಲ ಬಿಡುವಿನಲ್ಲಿ ಅವನು ತಮಾಷೆಗೆ ತನ್ನ ಬರಿಗಾಲನ್ನು ಅವರ ಹಾಳೆಯ ಮೇಲಿಟ್ಟನಂತೆ, ಇದರದ್ದೂ ಅಳತೆ ತೆಗೆಯಿರಿ ಎಂದು. ಅಕ್ಕೋರು ನಿಜವಾಗಿಯೂ ತೆಗೆದರು. ಆ ಪಾದ ಅವರ ವಹಿಯಲ್ಲಿ ಬಟ್ಟಲುಗಳ ನಡುವೆ ಇತ್ತು, ಹೆಬ್ಬೆರಳಿನ ಸೊಟ್ಟು ಸಮೇತ.

ನನ್ನದೂ ಒಂದು ಚಟವಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಖಾನೆಯೊಳಗೆ ಅವತ್ತಿನ ಸುದ್ದಿ ಬರೆದಿಡುತ್ತೇನೆ. ನಳ ಬಂತು, ಸಿಲಿಂಡರ್ ಹಚ್ಚಿದೆ, ಎಮ್ಮೆ ಈಯಿತು. ವರ್ಷ ಮುಗಿದ ಮೇಲೆ ಸುತ್ತಿ ಮಂಚದ ಕೆಳಗಿಡುತ್ತೇನೆ. ಬಿಸಾಡಲು ಮನಸ್ಸಾಗುವುದಿಲ್ಲ. ಅಕ್ಕೋರು ಅಲ್ಲಿಂದ ಫೋನ್ ಮಾಡಿದ್ದನ್ನೂ ಬರೆಯುತ್ತಿದ್ದೆ. ಒಂದು ಬೇಸಿಗೆಯ ಮಧ್ಯಾಹ್ನ ಮಾತಾಡುತ್ತ ನಗುತ್ತ ಹೇಳಿದರು, "ವೈನಿ, ನಿಮ್ಮ ಹಪ್ಪಳದಂಗ ಬೋಕಿ ತೊಳದು ಒಣಾ ಹಾಕಿದ್ದೆ. ಎಲ್ಲಾರೂ ಉಣ್ಣಾಕ ಹೋಗಿದ್ರು. ಗಾಳಿ ಬಂದು ಚೀಟಿ ಎಲ್ಲಾ ಹಾರಿಸಿಕೊಂಡು ಹೋತು."

"ಸಿಕ್ಕುವಿಲ್ರಿ?"

"ಸಿಕ್ಕು, ಸಿಕ್ಕು. ಹೊಳ್ಳಿ ಇಟ್ಟೆ."

ನಾನು ಬರೆದುಕೊಂಡೆ.

ಆ ವರ್ಷ ತಿರುಗಿ ಬಂದವರು ಬೇರೆಯೇ ಆಗಿದ್ದರು. ಅಂಕಲಿಯ ನಮ್ಮ ಹೊಲಕ್ಕೆ ಬಂದು ಹೊಳೆಯ ದಂಡೆಯಿಂದ ಹನ್ನೆರಡು ಕಲ್ಲು ಆರಿಸಿ ಚೀಲದಲ್ಲಿ ಹಾಕಿಕೊಂಡರು. ಪೇಪರಿನ ಮೇಲೆ ಕಲ್ಲು, ಒಣಹಾಕಿದ ಬಟ್ಟೆಯ ಮೇಲೆ ಕಲ್ಲು, ಮುಚ್ಚಿದ ಪಾತ್ರೆಯ ಮೇಲೂ ಕಲ್ಲು. ಕಿಟಕಿ ಮುಚ್ಚಿಬಿಟ್ಟರು. ಜೂನಿನ ಸೆಕೆಯಲ್ಲಿ ಆ ಕೋಣೆ ಒಲೆಯ ಹಾಗಿರುತ್ತಿತ್ತು, ಆದರೂ ತೆರೆಯುತ್ತಿರಲಿಲ್ಲ. ಮೇಜಿನ ಮೇಲಿನ ಪ್ರತಿಯೊಂದು ಸಾಮಾನಿಗೂ ದಾರದಿಂದ ಚೀಟಿ ಕಟ್ಟಿದರು, ಎರಡೆರಡು ಗಂಟು ಹಾಕಿ. ನನ್ನ ಹಪ್ಪಳದ ಡಬ್ಬಿಗೂ ಕಟ್ಟಿದರು. "ಅಕ್ಕೋರ, ಉದ್ದಿಂದು ಯಾವುದು, ಅಕ್ಕೀದು ಯಾವುದು ನನಗ ಕಣ್ಣಿಗೆ ಕಾಣತೈತ್ರಿ" ಅಂದರೆ, "ಕಣ್ಣು ನಂಬಬ್ಯಾಡ್ರಿ" ಅಂದರು. ತಲೆಯ ಮೇಲಿನ ಹೆಜ್ಜೆ ಎಂಟಿದ್ದದ್ದು ಆರಾಯಿತು, ನಾಲ್ಕಾಯಿತು. ಬೋನಿನಲ್ಲಿ ತಿರುಗಿದ ಹಾಗೆ. ಆ ವರ್ಷದ ನಂತರ ಮುಕಾದಮನ ಮಾತೂ ಬರಲಿಲ್ಲ. ನಾನೇ ಒಮ್ಮೆ ಕೇಳಿದೆ.

"ಅವನ ಕೆಲಸಾ ಹೋತು. ಆಡು ಕಾಯತಾನಂತ" ಅಂದವರು ಚಹಾ ಅರ್ಧಕ್ಕೇ ಬಿಟ್ಟು ಮೇಲೆ ಹೋದರು.

ಅದೇ ಸ್ಥಿತಿಯಲ್ಲಿ ನಾಲ್ಕು ವರ್ಷ ಕಳೆದವು. ಪ್ರತಿ ಬೇಸಿಗೆಗೆ ಹೋಗುವುದು ತಪ್ಪಲಿಲ್ಲ. ಸಾಹೇಬನ ದೊಡ್ಡ ಪುಸ್ತಕ ತಯಾರಾಗುತ್ತಿತ್ತು, ಅದರ ಚಿತ್ರಗಳೆಲ್ಲ ಇವರವೇ. ಅಷ್ಟರಲ್ಲಿ ಶಾಲೆಯಿಂದ ನಿವೃತ್ತರಾದರು. ಇನ್ನು ಮೇಲೆ ವರ್ಷದಲ್ಲಿ ಎರಡು ತಿಂಗಳ ಆ ಕೆಲಸವೊಂದೇ ಅವರದು ಎನ್ನುವಂತಾಯಿತು.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಅಂಕಲಿಯ ಹೊಲಕ್ಕೆ ಅವರನ್ನೂ ಕರೆದುಕೊಂಡು ಹೋದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅವತ್ತು ಹೊಲದಲ್ಲಿ ಐದು ಕಲ್ಲುಗಳನ್ನು ಸಾಲಾಗಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಎಡೆ ಹಿಡಿದು, ಬೆಳೆಗೆಲ್ಲ ಅನ್ನ ಚೆಲ್ಲಿ, ಆಮೇಲೆ ಎಲ್ಲರೂ ಅಲ್ಲೇ ಕೂತು ಉಣ್ಣುವುದು. ಬಿಳಿಜೋಳ ಎದೆಯೆತ್ತರ ನಿಂತಿತ್ತು. ನಮ್ಮ ಮಾವನವರು ಬನ್ನಿಗಿಡದ ಬುಡದಲ್ಲಿ ಕಲ್ಲಿಟ್ಟು ಪೂಜೆ ಮುಗಿಸಿದರು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು ಎಲ್ಲ ಬಡಿಸಿ ಕೂತೆವು. ಅಕ್ಕೋರೂ ಕೂತಿದ್ದರು. ಅವರು ಹಾಗೆ ಚಕ್ಕಳಮಕ್ಕಳ ಹಾಕಿ ಕೂತದ್ದನ್ನು ನೋಡಿ ನನಗೇ ಹಿಗ್ಗಾಯಿತು.

"ಮಾವಾರ, ಈ ಐದು ಕಲ್ಲು ಹೋದ ವರ್ಷದ್ದವ ಏನ್ರಿ?" ಎಂದು ಅಕ್ಕೋರು ಕೇಳಿದರು.

"ಯಾರಿಗ್ಗೊತ್ರಿ, ಅಕ್ಕೋರ! ಟ್ರ್ಯಾಕ್ಟರ್ ಬರತೈತಿ, ಹೊಳ್ಳಿಸಿ ಒಗೀತೈತಿ. ಕಲ್ಲು ಯಾವುದಾದ್ರೂ ನಡೀತೈತಿ. ಜಾಗಾ ಮಾತ್ರ ಇದ. ನಮ್ಮಪ್ಪ ಇಲ್ಲೇ ಇಟ್ಟಾನ, ಅವರಪ್ಪನೂ ಇಲ್ಲೇ. ನನ್ನ ತಮ್ಮ ಸಣ್ಣಾವಿದ್ದಾಗ ಒಂದ ವರ್ಷ ಅಕಾಡೆ ಬದುವಿನ ಕಡೆ ಇಟ್ಟಿದ್ದ. ನಮ್ಮಪ್ಪಗ ಉಣ್ಣೂ ಮುಂದ ಕಣ್ಣಿಗೆ ಬಿತ್ತು. ಕೈಯಾನ ಕಡಬು ಬಿಟ್ಟು ಎದ್ದ. ಐದೂ ಕಲ್ಲು ಹೊತಗೊಂಡು ಬಂದು ಇಲ್ಲಿಟ್ಟು, ಆಮ್ಯಾಲೆ ಕೈ ತೊಳಕೊಂಡು ಉಂಡ. ತಪ್ಪ ಜಾಗಾದಾಗ ಇಟ್ಟೀನಿ ಅಂತ ಗೊತ್ತಿದ್ದು ಗೊತ್ತಿದ್ದು ಗಂಟಲಾಗ ತುತ್ತು ಇಳೀತೈತೇನ್ರಿ?"

ಮಾವನವರು ಕಡಬಿಗೆ ತುಪ್ಪ ಹಾಕಿಕೊಂಡರು. ಅಕ್ಕೋರು ಕೈ ತಡೆದರು. ತಾಟಿನಲ್ಲಿದ್ದದ್ದು ತಾಟಿನಲ್ಲೇ ಉಳಿಯಿತು. "ಯಾಕ್ರಿ, ಖಾರ ಆತೇನ್ರಿ?" ಎಂದು ಮಾವನವರು ಕೇಳಿದ್ದಕ್ಕೆ ತಲೆಯಾಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಅಡಿಗೆಮನೆಗೆ ಇಳಿದು ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಹೊಸ್ತಿಲಲ್ಲೇ ನಿಂತು, "ವೈನಿ, ನಿಮ್ಮ ಈ ಫರ್ಶಿ ಕಿತ್ತಾಗ ಕೆಳಗ ಒಂದು ಮೊಬೈಲ್ ಸಿಮ್ ಸಿಕ್ಕರ, ಫರ್ಶಿ ಯಾವಾಗ ಹಾಕಿದ್ದು?" ಎಂದರು.

"ಮೊಬೈಲ್ ಬಂದ ಮ್ಯಾಲೆ."

"ಸಿಮ್ ಫರ್ಶಿ ಮ್ಯಾಲೆ ಬಿದ್ದಿದ್ದರ?"

"ಫರ್ಶಿ ಯಾವಾಗಾರ ಹಾಕಿರಬಹುದು. ಅಜ್ಜನ ಕಾಲಕ್ಕೂ ಹಾಕಿರಬಹುದು."

"ಇಷ್ಟ ನೋಡ್ರಿ ಕತಿ" ಎಂದು ಶುರು ಮಾಡಿದರು.

ಅಗೆದ ಬೋಕಿಗಳನ್ನು ಒಂದೊಂದು ಬುಟ್ಟಿಗೆ ಒಂದೊಂದು ಚೀಟಿ ಹಾಕಿ ತರುತ್ತಾರೆ. ಎಲ್ಲಿಯದು, ಎಷ್ಟು ಆಳದ್ದು ಎಂಬುದು ಆ ಚೀಟಿಯಲ್ಲಿ ಮಾತ್ರ ಇರುತ್ತದೆ. ತೊಳೆದು ಚಾಪೆಯ ಮೇಲೆ ಗುಂಪು ಗುಂಪಾಗಿ ಹರವಿ, ಗುಂಪಿನ ಪಕ್ಕ ಚೀಟಿ ಇಟ್ಟು, ಚೀಟಿಯ ಮೇಲೊಂದು ಕಲ್ಲು ಇಡಬೇಕು. ಅವತ್ತು ಅಕ್ಕೋರು ಕಲ್ಲಿಡಲು ಉದಾಸೀನ ಮಾಡಿದರು. ಗಾಳಿ ಬಂದು ಚೀಟಿಗಳು ಹಾರಿದವು. ಎಲ್ಲವೂ ಸಿಕ್ಕವು, ಆದರೆ ಎರಡು ಗುಂಪುಗಳ ಚೀಟಿ ಯಾವುದು ಯಾವುದರದ್ದೆಂದು ಖಾತ್ರಿಯಾಗಲಿಲ್ಲ. ಒಂದು ಗುಡಿಯ ಫರ್ಶಿಯ ಮೇಲಿನದು, ಇನ್ನೊಂದು ಫರ್ಶಿಯ ಕೆಳಗಿನದು. ಯಾರೂ ಇರಲಿಲ್ಲ. ಅಂದಾಜಿನ ಮೇಲೆ ಇಟ್ಟುಬಿಟ್ಟರು.

ಎರಡು ವಾರದ ಮೇಲೆ ಕೆಳಗಿನದೆಂದು ಚೀಟಿಯಿದ್ದ ಚೀಲದಲ್ಲಿ ಒಂದು ಅಂಚಿನ ಚೂರು ಸಿಕ್ಕಿತು. ದಪ್ಪ ಬಟ್ಟಲು, ಕಪ್ಪು ಚಿತ್ತಾರ. ಸಾಹೇಬ ಹಿಗ್ಗಿದ. ಹಾಗಾದರೆ ಈ ಗುಡಿಗೆ ಫರ್ಶಿ ಹಾಸಿದ್ದೇ ರೋಮಿನವರು ಬಂದ ಮೇಲೆ ಎಂದ. ಮುಕಾದಮ ಚೂರನ್ನು ಕೈಗೆ ತೆಗೆದುಕೊಂಡು ನೋಡಿದ. ಅಂಚಿಗೆ ತಾನು ಅಗೆಯುವ ಕರಣಿ ತಾಗಿ ಹೊಸದಾಗಿ ಚಕ್ಕೆಯೆದ್ದಿದ್ದನ್ನು ತೋರಿಸಿದ. ಇದನ್ನು ನಾನೇ ಎತ್ತಿದ್ದು, ಕೆಳಗಲ್ಲ ಎಂದು ಅಂಗೈಯನ್ನು ಆಕಾಶಕ್ಕೆ ಮಾಡಿ ಎತ್ತಿದ. ಮೇಲೆ.

"ಸಾಹೇಬ ನನ್ನ ಮಾರಿ ನೋಡಿದ. ಅವನೂ ನನ್ನ ಮಾರಿ ನೋಡಿದ. ನನ್ನ ಕೈಯಾಗ ಪೆನ್ಸಿಲ್ ಇತ್ತು, ವೈನಿ. ನಾ ಏನಂದೆ ಗೊತ್ತೈತೇನ್ರಿ? ಚೀಟಿಯಾಗ ಕೆಳಗ ಅಂತ ಐತಿ ಅಂದೆ. ಅಷ್ಟ ಅಂದೆ. ಸುಳ್ಳೂ ಅಲ್ಲ!"

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಇಬ್ಬರೂ ನೋಡಿದೆವು, ಇಬ್ಬರೂ ತೆಗೆಯಲಿಲ್ಲ.

ಮುಕಾದಮ ಬುಟ್ಟಿ ಬೆರಸುತ್ತಾನೆ, ಮೇಲಾಗಿ ಸುಳ್ಳು ವಾದಿಸುತ್ತಾನೆ ಎಂದು ಮುಂದಿನ ವರ್ಷ ಅವನನ್ನು ಮಣ್ಣು ಹೊರಲು ಹಾಕಿದರು. ಮೂರು ದಿನ ಹೊತ್ತು, ನಾಲ್ಕನೆಯ ದಿನ ಅವನು ಬರಲಿಲ್ಲ. ಅವನ ಊರಲ್ಲೇ ಅವನ ಮಾತಿಗೆ ಬೆಲೆ ಹೋಯಿತು.

"ಈಗರ ಹೇಳಿಬಿಡ್ರಿ" ಅಂದೆ.

"ಹೇಳೂದೇನು! ಅವತ್ತ ಒಂದಲ್ಲ, ಹತ್ತು ಗುಂಪು ಒಣಾ ಹಾಕಿರತಿದ್ದೆ. ದಿನಾ ಒಣಾ ಹಾಕತಿದ್ದೆ. ಯಾವ ತಾರೀಖಿಗೆ ಯಾವ ಬುಟ್ಟಿ ಅನ್ನೂದು ನನ್ನ ವಹಿಯಾಗ ಐತಿ. ಗಾಳಿ ಬಂದ ತಾರೀಖು ಮಾತ್ರ ಎಲ್ಲೂ ಇಲ್ಲ, ನಾ ಬರೀಲಿಲ್ಲ. ಆ ಚೂರು ಇದ್ದ ಗುಂಪು ಅವತ್ತಿಂದು ಹೌದೋ ಅಲ್ಲೋ ಅಂತ ಈಗ ನನಗ ನನ್ನ ಮ್ಯಾಲೆ ಖಾತ್ರಿ ಇಲ್ಲ. ಅಲ್ಲದಿದ್ದರ? ಸುಮ್ಮನ ಎಲ್ಲಾರ ಕೆಲಸಾ ಕೆಡಿಸಿದಂಗ ಆಗತೈತಿ. ನನ್ನನ್ನೂ ಮತ್ತ ಕರಿಯಾಂಗಿಲ್ಲ." ಸ್ವಲ್ಪ ತಡೆದು, "ಅಲ್ಲ ಅನಕೋತನ ಇಷ್ಟು ವರ್ಷ ಹೋಗೀನಿ" ಎಂದರು.

ನನ್ನ ಕೈ ಹಿಟ್ಟಿನಲ್ಲಿ ಹಾಗೇ ನಿಂತಿತು. ಆ ತಾರೀಖು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಮಂಚದ ಕೆಳಗಿತ್ತು.

ಮೂರು ದಿನ ನಾನು ಸುಮ್ಮನಿದ್ದೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇದ್ದೆ. ಕಸ ಗುಡಿಸುವಾಗ ಕಸಬರಿಗೆ ಮಂಚದ ಕೆಳಗೆ ಹೋಗಿ ಸುರುಳಿಗಳಿಗೆ ತಾಗಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ತೋರಿಸಿದರೆ ಈ ಹೆಣ್ಣುಮಗಳ ಬೇಸಿಗೆಯನ್ನು ನಾನೇ ಕಸಿದುಕೊಂಡಂತೆ. ತೋರಿಸದಿದ್ದರೆ ಎಲ್ಲೋ ಒಬ್ಬ ಮನುಷ್ಯ ಆಡಿನ ಹಿಂದೆ ಸುಳ್ಳುಗಾರನೆನಿಸಿಕೊಂಡು ತಿರುಗುತ್ತಾನೆ. ಅವನನ್ನು ನಾನು ಕಂಡಿಲ್ಲ, ಅವನ ಪಾದವನ್ನಷ್ಟೇ ಕಂಡಿದ್ದೇನೆ. ಮೇಲೆ ನಾಲ್ಕು ಹೆಜ್ಜೆ ಆಚೆ, ನಾಲ್ಕು ಈಚೆ. ನಾಲ್ಕನೆಯ ದಿನ ಆ ಸಪ್ಪಳ ತಾಳಲಾರದೆ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಎಳೆದು, ಆ ವರ್ಷದ್ದನ್ನು ಹುಡುಕಿ, ಮೆಟ್ಟಿಲು ಹತ್ತಿದೆ.

ಖಾನೆಯಲ್ಲಿ ನನ್ನ ಅಕ್ಷರ ಹೀಗಿತ್ತು: ನಳ ಬಂತು. ಸಿಲಿಂಡರ್ ಹಚ್ಚಿದೆ. ಅಕ್ಕೋರ ಫೋನ್, ಅಲ್ಲಿ ಗಾಳಿ, ಚೀಟಿ ಹಾರಿದವಂತೆ.

ಅಕ್ಕೋರು ವಹಿ ತೆಗೆದರು. ಬೆರಳು ತಾರೀಖುಗಳ ಮೇಲೆ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತು. ಎರಡೂ ಬುಟ್ಟಿಗಳು ಅಲ್ಲೇ, ಅದೇ ದಿನದ ಕೆಳಗೆ, ಒಂದರ ಪಕ್ಕ ಒಂದು ಇದ್ದವು.

ನಾನು ಬೈಗುಳ ನಿರೀಕ್ಷಿಸಿದ್ದೆ, ಇಲ್ಲವೆ ಅಳು. ಅವರು ಬಹಳ ಹೊತ್ತು ನೋಡಿ, "ಸಿಲಿಂಡರ್ ಎಷ್ಟು ದಿನಾ ಬಂತ್ರಿ ಅದು?" ಎಂದು ಕೇಳಿದರು. ನನಗೆ ನಗು ಬಂತು, ಅವರಿಗೂ ಬಂತು. ನಗುತ್ತ ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು.

ಪತ್ರವನ್ನು ಆರು ಸಲ ಬರೆದರು. ಬರೆದು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು, ಮತ್ತೆ ಹರಿದುಹಾಕುತ್ತಿದ್ದರು. ಕೊನೆಗೆ ಉಳಿದದ್ದು ಇಷ್ಟು: ಆ ಚೀಟಿಗಳು ಹಾರಿದ್ದವು, ನಾನು ಅಂದಾಜಿನಿಂದ ಇಟ್ಟೆ, ಅವನ್ನು ನಂಬಬೇಡಿ. ಅದಲುಬದಲಾಗಿವೆ ಎಂದು ಪ್ರಮಾಣ ಮಾಡಲಾರೆ, ಆದರೆ ಆ ಚೂರನ್ನು ಎತ್ತಿದ ಮನುಷ್ಯ ಅವತ್ತೇ ಹೇಳಿದ್ದ, ಅವನ ಮಾತು ಬರೆದುಕೊಳ್ಳಿ. ವಹಿಯ ಪುಟದ ಫೋಟೋ, ನನ್ನ ಕ್ಯಾಲೆಂಡರಿನ ಫೋಟೋ ಎರಡನ್ನೂ ಹಚ್ಚಿ ಕಳಿಸಿದರು. ನನ್ನ ಸಿಲಿಂಡರು ಹಾಗೆ ಪರದೇಶಕ್ಕೆ ಹೋಯಿತು.

ಉತ್ತರ ಬರಲು ಒಂದೂವರೆ ತಿಂಗಳು ಹಿಡಿಯಿತು. ಆ ಒಂದೂವರೆ ತಿಂಗಳು ಅವರು ಮನೆಯಲ್ಲಿ ನಿಲ್ಲಲೇ ಇಲ್ಲ. ಕಾಗವಾಡಕ್ಕೆ ಕುಂಬಾರರನ್ನು ನೋಡಲು ಹೋದರು, ರಾಯಬಾಗಕ್ಕೆ ಹೋದರು, ಸುಮ್ಮನೆ ಬಸ್ಸು ಹತ್ತಿ ನಿಪ್ಪಾಣಿಗೆ ಹೋಗಿ ಅದೇ ಬಸ್ಸಿಗೆ ತಿರುಗಿ ಬಂದರು. ಉತ್ತರ ಚಿಕ್ಕದಿತ್ತು. ಪುಸ್ತಕದಲ್ಲಿ ಆ ಪುಟ ಬದಲಾಗುತ್ತದೆ, ಮುಕಾದಮನ ಮನೆಗೆ ನಾನೇ ಹೋಗಿ ಹೇಳುತ್ತೇನೆ ಎಂದು ಸಾಹೇಬ ಬರೆದಿದ್ದ. ಅಕ್ಕೋರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಏಪ್ರಿಲ್ ಬಂತು. ಟಿಕೆಟ್ಟು ಬರಲಿಲ್ಲ.

ಆ ಬೇಸಿಗೆ ಅವರು ಮೇಲಿನ ಕೋಣೆಯಲ್ಲಿ ಹೇಗೆ ಕಳೆದರೆಂದು ನಾನು ಹೇಳಲಾರೆ. ಪೆನ್ಸಿಲ್ ಚೂಪು ಮಾಡುತ್ತಿದ್ದರು. ಬರೆಯಲು ಏನೂ ಇರಲಿಲ್ಲ, ಆದರೂ ಚೂಪು ಮಾಡುತ್ತಿದ್ದರು. ನಾನು ಬೇಕೆಂದೇ ಒಂದು ಕಪ್ಪು ಒಡೆದು, "ಕೈ ಜಾರಿತ್ರಿ" ಎಂದು ಚೂರು ಒಯ್ದುಕೊಟ್ಟೆ. ಅವರು ನನ್ನನ್ನೇ ನೋಡಿ, "ವೈನಿ, ಇನ್ನ ಸೆಟ್ ಹಾಳು ಮಾಡಬ್ಯಾಡ್ರಿ" ಎಂದರು. ಆದರೆ ಬರೆದರು.

ಮೇ ತಿಂಗಳ ಒಂದು ಮುಂಜಾನೆ ಅಕ್ಕೋರ ಮೊಬೈಲ್ ರಿಂಗಾಯಿತು. ಮುಕಾದಮನ ಮಗಳು, ಅಲ್ಲಿ ಶಾಲೆಯ ಟೀಚರು. ವಿಡಿಯೋದಲ್ಲಿ ತಂದೆಯನ್ನು ತೋರಿಸಿದಳು. ನಾನು ಅಕ್ಕೋರ ಭುಜದ ಹಿಂದಿನಿಂದ ಇಣುಕಿದೆ. ತಲೆಗೆ ಕೆಂಪು ಚೌಕಡಿಯ ವಸ್ತ್ರ, ಬಿಳಿ ಗಡ್ಡ, ಮುಂದೆರಡು ಹಲ್ಲಿಲ್ಲ. ಇವರಿಗೆ ಅವನ ಭಾಷೆ ಅಷ್ಟಕ್ಕಷ್ಟೇ, ಅವನಿಗೆ ಇವರದ್ದು ಅದೂ ಇಲ್ಲ. ಅವನು ಸುಮ್ಮನೆ ಅಂಗೈ ಮೇಲೆ ಮಾಡಿ ಎತ್ತಿದ. ಅಕ್ಕೋರೂ ಅಂಗೈ ಎತ್ತಿದರು. ಅವನು ನಕ್ಕ. ಆಮೇಲೆ ಮಗಳ ಕೈಲಿ ಕೇಳಿಸಿದ, ಯಾವಾಗ ಬರುತ್ತೀರಿ, ನಮ್ಮ ಮನೆಗೆ ಬನ್ನಿ, ಸಾಹೇಬನ ಟಿಕೆಟ್ಟು ಬೇಡ ಎಂದು.

ಅವತ್ತು ಮಧ್ಯಾಹ್ನ ನಾನು ಹಪ್ಪಳ ತರಲು ಮಾಳಿಗೆಗೆ ಹೋದಾಗ ಅವರ ಕೋಣೆಯ ಕಿಟಕಿ ತೆರೆದಿತ್ತು.

ಪಾಸ್‌ಪೋರ್ಟ್ ಹೊಸದು ಮಾಡಿಸಲು, ಬರುವ ಬೇಸಿಗೆಗೆ ಹೋಗಬೇಕೆಂದು, ಓಡಾಡಿದರು. ವಹಿಯೊಳಗಿನ ಪಾದದ ಚಿತ್ರವನ್ನು ಹಾಳೆಗೆ ಇಳಿಸಿಕೊಂಡು ಅಥಣಿಗೆ ಹೋಗಿ ಒಂದು ಜೋಡಿ ಚರ್ಮದ ಚಪ್ಪಲಿ ಮಾಡಲು ಹಾಕಿ ಬಂದರು. "ಅವನ ಕಾಲಾಗ ಯಾವಾಗ ನೋಡಿದರೂ ಹರಕ ಪ್ಲಾಸ್ಟಿಕ್, ವೈನಿ." ಹೊಲಿಯುವವನು, ಹೆಬ್ಬೆರಳಿನ ಉಂಗುರ ಇಷ್ಟು ಸೊಟ್ಟ ಯಾಕೆ, ಚಿತ್ರ ತಪ್ಪಿರಬೇಕು ಎಂದನಂತೆ. "ಬಾಕಿ ಏನರ ತಪ್ಪಬಹುದಪ್ಪಾ, ಇದು ತಪ್ಪಿಲ್ಲ" ಎಂದು ಎರಡು ಸಲ ಬಿಚ್ಚಿಸಿ ಮಾಡಿಸಿದರು. ಚಪ್ಪಲಿ ತಂದು ಎಡಕ್ಕೊಂದು ಬಲಕ್ಕೊಂದು ಚೀಟಿ ಕಟ್ಟಿದರು. ಎರಡೆರಡು ಗಂಟು.

ಹೋಗಲಾಗಲಿಲ್ಲ. ಫೆಬ್ರುವರಿಯಲ್ಲಿ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಲ್ಲೇ ಕುಸಿದರು. ಎದೆ ನಿಂತಿತ್ತಂತೆ. ಅಲ್ಲಿ ಕೂಡಲು ಬೆಂಚು ಇದ್ದವು, ಅವರು ಕೂತಿರಲಿಲ್ಲ.

ಸಾಮಾನು ಒಯ್ಯಲು ರಾಯಬಾಗದಿಂದ ತಮ್ಮ ಮತ್ತು ತಮ್ಮನ ಹೆಂಡತಿ ಬಂದರು. ಟ್ರಂಕಿನಿಂದ ಗಂಡಸರ ಚಪ್ಪಲಿ ಹೊರಬಂದಾಗ ಆಕೆ ಗಂಡನ ಮುಖ ನೋಡಿದಳು. "ಇವು ಯಾರವ್ರಿ?" ಎಂದು ನನ್ನನ್ನು ಕೇಳಿದಳು, ದನಿ ಸಣ್ಣದು ಮಾಡಿ. "ಅವು ಒಬ್ಬರಿಗೆ ಮುಟ್ಟಿಸೂದೈತಿ. ನನ್ನ ಕಡೆ ಇರಲಿ" ಅಂದೆ. ಆಕೆ ಇನ್ನೂ ಕೇಳುವವಳಿದ್ದಳು, ನಾನು ಚಹಾಕ್ಕೆ ಇಡಲು ಎದ್ದೆ.

ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂತವನು ಪೊಟ್ಟಣ ಬಿಚ್ಚಿಸಿ ನೋಡಿದ.

"ಚಪ್ಪಲಿ? ಜೋರ್ಡಾನಕ? ಅಲ್ಲಿ ಚಪ್ಪಲಿ ಸಿಗಾಂಗಿಲ್ಲೇನ್ರಿ, ಕಾಕೂ?"

"ಈ ಅಳತೀವು ಸಿಗಾಂಗಿಲ್ಲ."

"ಈ ಚೀಟಿ ತಗದ ಹಾಕ್ಲ್ಯಾ? ಎಡಾ ಬಲಾ ಹಾಕೊಳ್ಳಾವರಿಗೆ ಗೊತ್ತಾಗತೈತಿ."

"ಬ್ಯಾಡಪ್ಪಾ. ಅದನ್ನ ಮಾತ್ರ ಮುಟ್ಟಬ್ಯಾಡ."

ಕಳಿಸಿದ ಮೇಲೆ ನನ್ನ ಕಾಲು ನಿಲ್ಲದಾದವು. ಮುಟ್ಟಿತೋ ಇಲ್ಲವೋ, ಮುಟ್ಟಿದರೂ ಅಳತೆ ಕೂಡಿತೋ ಇಲ್ಲವೋ. ಅವನ ಮನೆಯವರು ಯಾರಾದರೂ ಹಳೆಯ ಸಿಟ್ಟಿಗೆ ತಿರುಗಿಸಿ ಕಳಿಸಿದರೆ ಎಂದೂ ಅನ್ನಿಸಿತು. ಮಾಳಿಗೆಯ ಮೇಲೆ ಬಟ್ಟೆ ಹಾಕಲು ಹೋದವಳು ಎಂಟು ಹೆಜ್ಜೆ ಆಚೆ, ಎಂಟು ಈಚೆ ತಿರುಗುತ್ತಿದ್ದೆ. ಒಮ್ಮೆ ಕೆಳಗಿನಿಂದ ಮನೆಯವರು, "ಯಾರದ ಮ್ಯಾಲೆ?" ಎಂದು ಕೂಗಿದರು. ದನಿಯಲ್ಲಿ ಒಂಥರಾ ಗಾಬರಿಯಿತ್ತು. "ನಾನ್ರಿ" ಎಂದೆ.

ನಿನ್ನೆ ಮುಕಾದಮನ ಮಗಳ ಕಡೆಯಿಂದ ಒಂದು ಫೋಟೋ ಬಂತು. ಮಾತಿಲ್ಲ, ಮುಖವೂ ಇಲ್ಲ. ಗುಡ್ಡದ ಮೇಲಿನ ಗುಡಿಯ ಅಂಗಳ, ಬಿಸಿಲು, ಅಗಲವಾದ ಹಳೆಯ ಫರ್ಶಿ. ಅದರ ಮೇಲೆ ಅಥಣಿಯ ಚಪ್ಪಲಿ ಮೆಟ್ಟಿದ ಎರಡು ಕಾಲು. ಹೆಬ್ಬೆರಳು ಸೊಟ್ಟ ಉಂಗುರದಲ್ಲಿ ಸರಿಯಾಗಿ ಕೂತಿತ್ತು. ನಾನು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ನೋಡಿದೆ. ಬಲಗಾಲಿನ ಚೀಟಿಯನ್ನು ಅವನು ಕತ್ತರಿಸಿರಲಿಲ್ಲ. ಗಾಳಿಗೆ ಅದು ಒಂದು ಕಡೆ ಹೊರಳಿತ್ತು, ದಾರ ಹಿಡಿದಿತ್ತು.

ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ: ನಳ ಬರಲಿಲ್ಲ. ಚಪ್ಪಲಿ ಮುಟ್ಟಿದವು. ಅಲ್ಲಿ ಗಾಳಿ ಇದೆ.